ಕರೆಂಟು ಕೇಳಿ: ಲಾರಿ ಮೇಲೆ ಬರುವ ಪ್ಯಾನೆಲ್ ರೂಮ್

ಪ್ರಶ್ನೆ: ಸರ್, ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾನು ಎಲೆಕ್ಟ್ರಿಷಿಯನ್. ಘಟಕವನ್ನು ದೊಡ್ಡದು ಮಾಡುತ್ತಿದ್ದಾರೆ. ಹೊಸ ಬ್ಲೋವರ್ (ಟ್ಯಾಂಕಿಗೆ ಗಾಳಿ ಊದುವ ಯಂತ್ರ), ಹೊಸ ಪಂಪು ಬರುತ್ತವೆ. ಇವನ್ನು ಓಡಿಸುವ ಸ್ವಿಚ್ಚು, ಬ್ರೇಕರ್ ಇಡುವ ಪ್ಯಾನೆಲ್ ರೂಮ್ ಕಟ್ಟುವುದು ಬೇಡ, ಫ್ಯಾಕ್ಟರಿಯಲ್ಲೇ ವೈರಿಂಗ್ ಮುಗಿಸಿದ ಸ್ಟೀಲ್ ರೂಮನ್ನು ಲಾರಿಯಲ್ಲಿ ತಂದಿಡುತ್ತೇವೆ ಅಂತಾರೆ ಗುತ್ತಿಗೆದಾರರು. ನಮ್ಮ ಬಿಸಿಲಿಗೆ ಆ ತಗಡಿನ ಡಬ್ಬಿ ತಡೆಯುತ್ತಾ? ಇಟ್ಟಿಗೆ ರೂಮೇ ವಾಸಿ ಅಲ್ವಾ?

ಉತ್ತರ: ತಡೆಯುತ್ತೆ, ತಡೆಯುವ ಹಾಗೆ ಮಾಡಿಸಿಕೊಂಡರೆ. ನಾನು ವಿಜಯಪುರದವನು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ನಿಂತು ಕೆಲಸ ಮಾಡಿದವನು. ಈ ರೂಮಿನ ಗೋಡೆ ಬರೀ ತಗಡಾಗಿರಬಾರದು, ಎರಡು ಹಾಳೆಗಳ ನಡುವೆ ಬಿಸಿ ತಡೆಯುವ ರಾಕ್‌ವೂಲ್ ತುಂಬಿರಬೇಕು. ಹೊರಗಿನ ಬಿಸಿಲಿನ ಜೊತೆ ಒಳಗಿನ ಬಿಸಿಯ ಲೆಕ್ಕವನ್ನೂ ಕೇಳಿ. ಬ್ಲೋವರ್ ಡ್ರೈವ್ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಓಡುವಾಗ ಸುಮಾರು ಶೇ 3ರಷ್ಟು ಶಕ್ತಿ ಬಿಸಿಯಾಗಿ ಹೋಗುತ್ತೆ. 100 ಕಿಲೋವ್ಯಾಟ್ ಡ್ರೈವ್ ಅಂದರೆ 3 ಕಿಲೋವ್ಯಾಟ್ ಬಿಸಿ. ಒಂದು ಟನ್ ಎಸಿ ಹೊರಗೆ ಹಾಕುವುದು 3.5 ಕಿಲೋವ್ಯಾಟ್. ನಿಮ್ಮಲ್ಲಿ ಎಷ್ಟು ಡ್ರೈವ್ ಇವೆ, ಗುಣಿಸಿ ನೋಡಿ. ಸಾಮಾನ್ಯ ಡ್ರೈವ್‌ಗಳಿಗೆ ಪೂರ್ತಿ ತಾಕತ್ತು 40 ಡಿಗ್ರಿವರೆಗೆ ಮಾತ್ರ. ಹಾಗಾಗಿ ಎಸಿ ಎರಡಿರಲಿ. ಒಂದು ಕೈಕೊಟ್ಟರೆ ಇನ್ನೊಂದೇ ಸುಧಾರಿಸಬೇಕು.

ನನಗೆ ಬಿಸಿಲಿಗಿಂತ ಜಾಸ್ತಿ ಭಯ ಹೈಡ್ರೋಜನ್ ಸಲ್ಫೈಡ್ ಗ್ಯಾಸಿನದು, ಅದೇ ಕೊಳೆತ ಮೊಟ್ಟೆ ವಾಸನೆಯದು. ಸಪ್ಲೈ ಆಫ್ ಮಾಡಿ, ಅರ್ಥಿಂಗ್ ಹಾಕಿ, ಹಳೇ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಕರೆಂಟು ಹಂಚುವ ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್, ಕಾಡಿಗೆ ಬಳಿದ ಹಾಗೆ ಕಪ್ಪಾಗಿರುತ್ತೆ. ಮೋಟಾರಿಗೆ ಕರೆಂಟು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟರಿನ ಬೆಳ್ಳಿ ಪಾಯಿಂಟೂ ಕಪ್ಪು. ದಪ್ಪ ಬಸ್‌ಬಾರ್ ಹೇಗೋ ಕಾಲ ಹಾಕುತ್ತೆ. ಡ್ರೈವ್ ಕಾರ್ಡಿನ (ಸರ್ಕ್ಯೂಟ್ ಬೋರ್ಡಿನ) ಸಣ್ಣ ತಾಮ್ರದ ಗೆರೆ ಒಂದು ಕಡೆ ತಿಂದುಹೋದರೂ ಡ್ರೈವೇ ನಿಂತುಹೋಗುತ್ತೆ. ಈ ಗ್ಯಾಸ್ ಗಾಳಿಗಿಂತ ಭಾರ. ಕೇಬಲ್ ಟ್ರೆಂಚಿನಲ್ಲಿ ತೆವಳಿ ನೇರ ಪ್ಯಾನೆಲ್ ಕೆಳಗೇ ಬರುತ್ತೆ. ಇಟ್ಟಿಗೆ ರೂಮಿನಲ್ಲಿ ಟ್ರೆಂಚ್ ಮುಚ್ಚುವವರು ಯಾರು? ಕೇಬಲ್ ಎಳೆದರು, ಹೋದರು.

ಫ್ಯಾಕ್ಟರಿ ರೂಮಿನಲ್ಲಿ ಇದನ್ನು ಸರಿಯಾಗಿ ಮಾಡಿಸಬಹುದು. ಕೇಬಲ್ ಬರುವ ಪ್ರತಿ ತೂತಿಗೂ ಸೀಲ್ ಇರಲಿ. ಕಾರ್ಬನ್ ಫಿಲ್ಟರಿನಿಂದ ಶುದ್ಧ ಗಾಳಿ ಒಳಗೆ ತಳ್ಳಿ, ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಜಾಸ್ತಿ ಇಡಬೇಕು. ಪರೀಕ್ಷೆ ಸುಲಭ. ಬಾಗಿಲನ್ನು ಎರಡು ಬೆರಳಿನಷ್ಟು ತೆಗೆದು, ಸಂದಿಗೆ ಕಾಗದದ ಚೂರು ಹಿಡಿಯಿರಿ. ಅದು ಹೊರಗೆ ಹಾರಬೇಕು. ಒಳಗೆ ವಾಲಿದರೆ ರೂಮನ್ನು ಒಪ್ಪಿಕೊಳ್ಳಬೇಡಿ. ಕಾರ್ಡ್‌ಗಳಿಗೂ ಎಸಿಯ ತಾಮ್ರದ ಕಾಯಿಲಿಗೂ ಕೋಟಿಂಗ್ ಇರಬೇಕು ಅಂತ ಆರ್ಡರಿನಲ್ಲೇ ಬರೆಸಿ. ಇಲ್ಲದಿದ್ದರೆ ಪ್ಯಾನೆಲ್ ಕಾಯಲು ಹಾಕಿದ ಎಸಿಯೇ ಮೊದಲು ಸಾಯುತ್ತೆ. ಇನ್ನೊಂದು ಮಾತು: ಗ್ಯಾಸ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಗೊತ್ತಾಗಲ್ಲ. ವಾಸನೆ ಇಲ್ಲ ಅಂತ ಸುಮ್ನೆ ಗುಂಡಿಗೆ ಇಳಿಯಬೇಡಿ.

ಬೆಲೆ ತುಟ್ಟಿ ಅನ್ನಿಸಬಹುದು. ಆದರೂ ನಾನು ಈ ರೂಮಿನ ಪರ, ಯಾಕೆಂದರೆ ಊರಿನ ಕೊಳಚೆ ರಜಾ ತಗೊಳ್ಳಲ್ಲ. ಘಟಕದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗೋದು ಸಾಮಾನ್ಯವಾಗಿ ಬ್ಲೋವರಿಗೆ. ಆ ಗಾಳಿ ಗಂಟೆಗಟ್ಟಲೆ ನಿಂತರೆ ಟ್ಯಾಂಕಿನಲ್ಲಿ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಸೊರಗುತ್ತವೆ, ನೀರು ನಾರುತ್ತೆ. ಹಳೇ ರೂಮ್ ಒಡೆದು ಅಲ್ಲೇ ಹೊಸದು ಕಟ್ಟುತ್ತಾ ಕೂರಲು ಆಗುತ್ತಾ? ಹೊಸ ರೂಮ್ ಪಕ್ಕದಲ್ಲಿ ನಿಲ್ಲಿಸಿ, ಹಳೇದನ್ನು ಓಡಿಸುತ್ತಲೇ ಬ್ಲೋವರ್‌ಗಳನ್ನು ಒಂದೊಂದಾಗಿ ಇತ್ತ ತಿರುಗಿಸಬಹುದು. ರೂಮ್ ಹೊರಡುವ ಮೊದಲು ಫ್ಯಾಕ್ಟರಿಗೆ ಹೋಗಿ. ಸಾಹೇಬರು ಮಾತ್ರ ಹೋಗಿ ಚಹಾ ಕುಡಿದು ಬರುವುದು ಬೇಡ, ನಿಮ್ಮನ್ನೂ ಕರೆದುಕೊಂಡು ಹೋಗಲಿ. ಪ್ರತಿ ಬ್ರೇಕರ್ ನೀವೇ ಹಾಕಿ ತೆಗೆದು ನೋಡಿ. ಸುಳ್ಳು ಸಿಗ್ನಲ್ ಕೊಡಿಸಿ, ಪಂಪ್ ಟ್ರಿಪ್ ಆಗುತ್ತಾ ನೋಡಿ. ಅಲ್ಲಿ ಸಿಕ್ಕ ತಪ್ಪು ಅಲ್ಲೇ ಸರಿಯಾಗುತ್ತೆ.

ಜಾಗ ಎರೆ ಮಣ್ಣಿನದಾ? ಹಾಗಿದ್ದರೆ ಕಾಂಕ್ರೀಟ್ ಚಪ್ಪಡಿಯನ್ನು ಮಣ್ಣಿನ ಮೇಲೆ ಹಾಗೇ ಹಾಕಬೇಡಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದರೆ ರೂಮ್ ವಾಲುತ್ತೆ, ಬಾಗಿಲು ಸಿಕ್ಕಿಕೊಳ್ಳುತ್ತೆ, ಸೀಲ್ ಬಿಡುತ್ತೆ. ಎರೆ ತೆಗೆದು ಗರಸು ತುಂಬಿಸಿ. ಎರೆ ಆಳವಿದ್ದರೆ ಬುಡ ಅಗಲವಾಗಿರುವ ಅಂಡರ್‌ರೀಮ್ಡ್ ಪೈಲ್ ಹಾಕಿಸಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ಪದ್ಧತಿ ಅದು.

ಪ್ರಶ್ನೆ: 11 ಕೆವಿ ಟ್ರಾನ್ಸ್‌ಫಾರ್ಮರನ್ನೂ ಇಂಥ ರೂಮಿನೊಳಗೇ ಇಡಬಹುದಾ? (ಓದುಗರು, ಬೆಳಗಾವಿ)

ಉತ್ತರ: ಇಡಬಹುದು, ಆದರೆ ಎಣ್ಣೆಯಿಲ್ಲದ ಡ್ರೈ ಟೈಪ್ ಆಗಿರಲಿ, ಬೇರೆ ಕಂಪಾರ್ಟ್‌ಮೆಂಟಿನಲ್ಲಿರಲಿ. ಎಣ್ಣೆಯದಾದರೆ ಹೊರಗೇ ವಾಸಿ, ಬೆಂಕಿಯ ಭಯ. ಪೂರ್ತಿ ಸಬ್‌ಸ್ಟೇಶನ್ನೇ ರೆಡಿಮೇಡ್ ಬರುವುದಾದರೆ ಅಂತರರಾಷ್ಟ್ರೀಯ ಮಾನದಂಡ ಐಇಸಿ 62271-202ರ ಪ್ರಕಾರದ ಟೆಸ್ಟ್ ರಿಪೋರ್ಟ್ ಕೇಳಿ. ಡ್ರಾಯಿಂಗನ್ನು ವಿದ್ಯುತ್ ಪರಿವೀಕ್ಷಣಾಲಯಕ್ಕೂ ಹೆಸ್ಕಾಂಗೂ ಮೊದಲೇ ತೋರಿಸಿ. ರೂಮ್ ಬಂದು ನಿಂತ ಮೇಲೆ ಮೀಟರ್ ಕ್ಯೂಬಿಕಲ್‌ಗೆ ಜಾಗ ಇಲ್ಲ ಅಂದರೆ ಸ್ಟೀಲ್ ಕತ್ತರಿಸಬೇಕಾಗುತ್ತೆ.