ಮಗಳಿಗೆ ಅಲ್ಲಿ ಡಾಕ್ಟರ್ ಸಿಗ್ತಿಲ್ಲ, ಅಡ್ರೆಸ್ ಪ್ರೂಫ್ ಬೇಕಂತೆ

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದ್ತಿದಾಳೆ, ಫ್ರೆಂಡ್ಸ್ ಜೊತೆ ರೂಮಲ್ಲಿದಾಳೆ, ಕರೆಂಟ್ ಬಿಲ್ ಅವಳ ಹೆಸರಲ್ಲಿಲ್ಲ. ಹತ್ತಿರದ ಕ್ಲಿನಿಕ್‌ನವ್ರು ಅಡ್ರೆಸ್ ಪ್ರೂಫ್ ಇಲ್ದೆ ರಿಜಿಸ್ಟರ್ ಮಾಡಲ್ಲ ಅಂದ್ರಂತೆ. ಒಂದು ವಾರದಿಂದ ಜ್ವರ, ನಂಗೆ ಇಲ್ಲಿ ನಿದ್ದೆ ಇಲ್ಲ.
– ಒಬ್ಬ ತಾಯಿ, ಶಿರಸಿ

ಉತ್ತರ: ಅಕ್ಕಾ, ಮೊದ್ಲು ಜ್ವರದ ವಿಷ್ಯ, ಅವಳು ಇವತ್ತೇ ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡ್ಲಿ, ಅದು ಫ್ರೀ, ದಿನದ 24 ಗಂಟೆನೂ ಇರತ್ತೆ, ತೀರಾ ಸೀರಿಯಸ್ ಆದ್ರೆ ಎಮರ್ಜೆನ್ಸಿ ನಂಬರ್ 999. ನಮ್ಮಲ್ಲಿ ಶಿರಸಿ ಪೇಟೆಲಿ ಹೆಸರು ಊರು ಹೇಳಿದ್ರೆ ಚೀಟಿ ಆಗತ್ತಲ್ಲ, ಅಲ್ಲಿ ಹಾಗಲ್ಲ, ಮನೆ ಹತ್ರದ ಜಿಪಿ ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ ಹೆಸರು ಬರೆಸ್ಬೇಕು, ಆದ್ರೆ ಅದಕ್ಕೆ ಅಡ್ರೆಸ್ ಪ್ರೂಫೂ ಬೇಡ ಪಾಸ್‌ಪೋರ್ಟೂ ಬೇಡ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ನಿಯಮನೇ ಹೇಳತ್ತೆ. ಕೇಳಬಹುದು, ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಮನೆನೇ ಇಲ್ದವ್ರು ಕೂಡ ಕ್ಲಿನಿಕ್‌ನ ಅಡ್ರೆಸ್ ಕೊಟ್ಟೇ ಸೇರಬಹುದು! ಕೌಂಟರಲ್ಲಿ ಕೂತವ್ರಿಗೆ ಎಷ್ಟೋ ಸಲ ಇದು ಗೊತ್ತೇ ಇರಲ್ಲ, ಮಕ್ಕಳು ಹೆದರಿ ವಾಪಸ್ ಬರ್ತಾರೆ, ನಂಗೆ ಸಂಕಟ ಆಗೋದೇ ಅಲ್ಲಿ. ರಿಜಿಸ್ಟ್ರೇಶನ್ ಫಾರ್ಮ್ ತುಂಬಿ ಕೊಡ್ಲಿ. ಬೇಡ ಅಂದ್ರೆ ಕಾರಣ ಬರೆದು ಕೊಡಿ ಅನ್ಲಿ, 14 ದಿನದೊಳಗೆ ಕೊಡ್ಲೇಬೇಕು.