ಹಾಜರಿ ಪುಸ್ತಕದಲ್ಲಿ ಕಾಣದ ಗೈರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪೀಣ್ಯ ಕೈಗಾರಿಕಾ ಪ್ರದೇಶದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಹುಡುಗನನ್ನು ಅವನ ತಾಯಿ ಸಲಹೆಗೆಂದು ನನ್ನ ಬಳಿಗೆ ಕರೆತಂದರು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಆಕೆ ಕೂರುವ ಮೊದಲೇ, "ಓದು ಇವನ ತಲೆಗೆ ಹತ್ತಲ್ಲ ಮೇಡಂ, ನಮ್ಮಣ್ಣನ ಗ್ಯಾರೇಜಿಗೆ ಹಾಕಿಬಿಡೋಣ ಅಂತಿದ್ದೀವಿ" ಎಂದರು. ಶಾಲೆಯವರ ಪ್ರಕಾರ ಹುಡುಗ ಸೋಮಾರಿ. ಆದರೆ ಹಾಜರಿಗೇನೂ ಕೊರತೆಯಿಲ್ಲ.

ಹಾಜರಿಯನ್ನು ಬೆಳಿಗ್ಗೆ ಒಮ್ಮೆ ಮಾತ್ರ ಹಾಕುತ್ತಿದ್ದರು. ವೇಳಾಪಟ್ಟಿಯನ್ನು ಮುಂದಿಟ್ಟು, ತಪ್ಪಿಸಿಕೊಂಡ ಪೀರಿಯಡ್‌ಗಳಿಗೆ ಅವನಿಂದಲೇ ಗುರುತು ಹಾಕಿಸಿದಾಗ, ಬಿಸಿಯೂಟದ ನಂತರ ವಿಜ್ಞಾನ ಅಥವಾ ಸಮಾಜ ಪಾಠವಿದ್ದ ದಿನಗಳಲ್ಲಷ್ಟೇ ಅವನು ಕಾಂಪೌಂಡ್ ಹಾರುತ್ತಿದ್ದನೆಂಬುದು ತಿಳಿಯಿತು. ಆ ಇಬ್ಬರು ಶಿಕ್ಷಕರೂ ಮಕ್ಕಳಿಂದ ಸರದಿಯ ಮೇಲೆ ಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿದ್ದು ಎಂಟಕ್ಕೆ ಇಂಗ್ಲಿಷ್ ವಿಭಾಗಕ್ಕೆ ಬಂದವನು ಇವನು. ಅವನ ನೋಟ್‌ಬುಕ್ಕಿನಲ್ಲಿ ಪತ್ರರಂಧ್ರದ (ಎಲೆಯ ಸೂಕ್ಷ್ಮ ರಂಧ್ರದ) ಚಿತ್ರ ಅಚ್ಚುಕಟ್ಟಾಗಿತ್ತು. ಅದರ ಕೆಳಗಿನ ಇಂಗ್ಲಿಷ್ ಸಾಲು, ಬೋರ್ಡ್ ಒರೆಸಿದಲ್ಲಿಗೆ, ಪದದ ನಡುವೆಯೇ ನಿಂತಿತ್ತು. ಕನ್ನಡದಲ್ಲಿ ಹೇಳೆಂದಾಗ, ರಂಧ್ರದ ಮೂಲಕ ಗಾಳಿ ಒಳಬರುವುದನ್ನೂ ನೀರಾವಿ ಹೊರಹೋಗುವುದನ್ನೂ ಬೆರಳಿಟ್ಟು ತೋರಿಸುತ್ತಾ ವಿವರಿಸಿದ. ಇದನ್ನು ದಡ್ಡತನವೆನ್ನಲು ನಾನು ಸಿದ್ಧಳಿಲ್ಲ.

ಕಲಿಕೆಯಲ್ಲಿ ತೊಡಗಿಕೊಳ್ಳುವುದಕ್ಕೆ ವರ್ತನೆ, ಭಾವನೆ, ಚಿಂತನೆ ಎಂಬ ಮೂರು ಮುಖಗಳಿವೆಯೆಂದು ಶಿಕ್ಷಣ ಸಂಶೋಧಕಿ ಜೆನಿಫರ್ ಫ್ರೆಡ್ರಿಕ್ಸ್ ಮತ್ತು ಸಹಲೇಖಕರು 2004ರಲ್ಲಿ ವಿಂಗಡಿಸಿದರು. ನಮ್ಮ ಶಾಲೆಗಳು ಎಣಿಸುವುದು ಮೊದಲನೆಯದನ್ನು ಮಾತ್ರ. ಈ ಹುಡುಗನ ಚಿಂತನೆ ಎಂಟನೇ ತರಗತಿಯಲ್ಲೇ ಪಾಠದಿಂದ ಹೊರಬಿದ್ದಿತ್ತು, ಉಚ್ಚಾರಣೆಗೆ ಸಹಪಾಠಿಗಳು ನಕ್ಕ ಮೇಲೆ ಮನಸ್ಸೂ ಹೊರಟಿತ್ತು. ಕಾಂಪೌಂಡ್ ಹಾರಿದ್ದು ಕಡೆಯ ಹಂತ.

ಕನ್ನಡ ವಿಭಾಗಕ್ಕೆ ಮರಳಿಸಬಹುದಿತ್ತು, ಆದರೆ ಅದನ್ನು ಸೋಲೆಂದು ಭಾವಿಸಿದ್ದ ಅವನು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ರಾಜ್ಯ ಪಠ್ಯಕ್ರಮದ ಪುಸ್ತಕ ಎರಡೂ ಮಾಧ್ಯಮಗಳಲ್ಲಿ ಇರುವುದರಿಂದ, ಮರುದಿನದ ಪಾಠವನ್ನು ಮೊದಲು ಕನ್ನಡದಲ್ಲಿ ಓದಿ, ಬಳಿಕ ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹೊಂದಿಸಿ ನೋಡುವಂತೆ ಸೂಚಿಸಿದೆ. ಗಟ್ಟಿಯಾಗಿ ಓದಬೇಕಾದ ಭಾಗವನ್ನು ಹಿಂದಿನ ದಿನವೇ ತಿಳಿಸಬೇಕು, ಉತ್ತರವನ್ನು ಸದ್ಯಕ್ಕೆ ಕನ್ನಡದಲ್ಲಿ ಹೇಳಿದರೂ ಸ್ವೀಕರಿಸಬೇಕು, ಮಧ್ಯಾಹ್ನವೂ ಹಾಜರಿ ಹಾಕಬೇಕು ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟೆ.

ಗ್ಯಾರೇಜಿನ ಮಾತನ್ನು ನಾನು ಅಲ್ಲಗಳೆಯಲಿಲ್ಲ. ಹುಡುಗನಿಗೆ ಆ ಕೆಲಸ ನಿಜಕ್ಕೂ ಇಷ್ಟ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಸೇರಲು ಎಸ್‌ಎಸ್‌ಎಲ್‌ಸಿ ಆಗಿರಬೇಕೆಂದು ತಾಯಿಗೆ ವಿವರಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಇವನು ಆ ವಯಸ್ಸು ದಾಟಿರುವುದರಿಂದ, ಈಗ ಶಾಲೆ ಬಿಡಿಸಿದರೆ ಮತ್ತೆ ಸೇರಿಸುವ ಹೊಣೆ ಬಹುಮಟ್ಟಿಗೆ ಮನೆಯವರದೇ ಆಗುತ್ತದೆ ಎಂದೂ ಹೇಳಿದೆ.

ವಿಜ್ಞಾನ ಶಿಕ್ಷಕಿ ಸಲಹೆಯನ್ನು ಮರುವಾರವೇ ಪಾಲಿಸಿದರು. ಸಮಾಜದ ಶಿಕ್ಷಕರು ಇನ್ನೂ ಒಪ್ಪಿಲ್ಲ. ಅವರ ಪೀರಿಯಡ್‌ಗೆ ಅವನು ಈಗಲೂ ಆಗಾಗ ಇರುವುದಿಲ್ಲ.