ಕೆಂಡ ಬೆಳ್ಳಗಾಗಲಿ, ಆಮೇಲೆ ಮಾಂಸ

ಪ್ರಶ್ನೆ: ಅಕ್ಕಾ, ನಮಸ್ಕಾರ. ಅಳಿಯ ಬೆಂಗಳೂರಿಂದ ಬರುವಾಗ ಒಂದು ಸಣ್ಣ ಇದ್ದಿಲಿನ ಬಾರ್ಬೆಕ್ಯೂ ತಂದಿದ್ದಾನೆ. ಮೂರು ಕಾಲು, ಒಂದು ಮುಚ್ಚಳ, ಅಡಿಯಲ್ಲೂ ಮುಚ್ಚಳದಲ್ಲೂ ಗಾಳಿಗೆ ತೂತು ಇದೆ. ಎರಡು ಸಲ ಹಂದಿ ಮಾಂಸ ಸುಟ್ಟೆವು. ಎರಡು ಸಲವೂ ಹೊರಗೆ ಕರಕಲು, ಒಳಗೆ ಹಸಿ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದು ಎದ್ದು ಮೊಮ್ಮಗ ಹೆದರಿ ಅತ್ತುಬಿಟ್ಟ. ಸೀಮೆಎಣ್ಣೆ ವಾಸನೆ ಬೇರೆ. ಏನು ತಪ್ಪು ಮಾಡುತ್ತಿದ್ದೇವೆ?
– ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಅಣ್ಣಾ, ಮೊದಲು ಆ ಸೀಮೆಎಣ್ಣೆ ಬಾಟಲಿ ದೂರ ಇಡಿ. ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಮಾಂಸಕ್ಕೆ ವಾಸನೆ ಹತ್ತಿಸುತ್ತದೆ. ಎರಡು ಹಾಳೆ ಹಳೇ ಪೇಪರ್, ಒಣಗಿದ ತೆಂಗಿನ ಗರಿ, ಮೇಲೆ ನಾಲ್ಕು ಸಣ್ಣ ಕಡ್ಡಿ, ಅದರ ಮೇಲೆ ಇದ್ದಿಲು ಗುಡ್ಡೆ ಹಾಕಿ, ಅಡಿಯ ತೂತು ಪೂರ್ತಿ ತೆರೆದಿಟ್ಟು ಬೆಂಕಿ ಹಚ್ಚಿ. ಅಷ್ಟೇ ಸಾಕು.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ನೀವು ಬೆಂಕಿಯ ಮೇಲೆ ಬೇಯಿಸುತ್ತಿದ್ದೀರಿ, ಬೇಯಿಸಬೇಕಾದದ್ದು ಕೆಂಡದ ಮೇಲೆ. ಉರಿ ಕಂಡ ತಕ್ಷಣ ಜಾಲರಿ ಇಟ್ಟು ಮಾಂಸ ಹಾಕಿಬಿಡುತ್ತೇವೆ, ಮನೆಯಲ್ಲಿ ಎಲ್ಲರಿಗೂ ಹಸಿವಾಗಿರುತ್ತದೆ ಅಲ್ವಾ. ಆದರೆ ಇದ್ದಿಲು ಹತ್ತಿಕೊಂಡು, ಉರಿ ಇಳಿದು, ಮೇಲೆಲ್ಲ ಬೂದಿ ಹೊದ್ದು ಬೆಳ್ಳಗಾಗುವುದಕ್ಕೆ 20ರಿಂದ 30 ನಿಮಿಷ ಬೇಕು. ಅಲ್ಲಿಯ ತನಕ ಮಾಂಸ ಒಳಗೇ ಇರಲಿ.

ಕೆಂಡ ಆದ ಮೇಲೆ ಅದನ್ನು ಇಕ್ಕಳದಲ್ಲಿ ಒಂದೇ ಬದಿಗೆ ತಳ್ಳಿ. ಇನ್ನೊಂದು ಅರ್ಧ ಖಾಲಿ ಇರಲಿ. ಬಾರ್ಬೆಕ್ಯೂ ಸಣ್ಣದು, ಇರುವ ಜಾಗದಲ್ಲೂ ಅರ್ಧ ಖಾಲಿ ಬಿಡಬೇಕಾ ಅನ್ನಿಸುತ್ತದೆ, ಆದರೆ ಸಣ್ಣದಕ್ಕೇ ಇದು ಜಾಸ್ತಿ ಬೇಕು, ಯಾಕೆಂದರೆ ಅದರಲ್ಲಿ ಜಾಲರಿಗೂ ಕೆಂಡಕ್ಕೂ ನಡುವೆ ಒಂದು ಗೇಣೂ ಇರುವುದಿಲ್ಲ. ಮಾಂಸವನ್ನು ಮೊದಲು ಖಾಲಿ ಬದಿಯಲ್ಲಿಟ್ಟು ಮುಚ್ಚಳ ಹಾಕಿ. ಒಳಗಿನ ಬಿಸಿಗೆ ಅದು ಒಲೆ ಮೇಲಿನ ಪಾತ್ರೆಯಲ್ಲಿ ಬೆಂದ ಹಾಗೆ ಬೇಯುತ್ತದೆ. ಕೊಬ್ಬು ತೊಟ್ಟಿಕ್ಕಿದರೂ ಕೆಳಗೆ ಕೆಂಡ ಇಲ್ಲ, ಬೆಂಕಿ ಏಳುವುದಿಲ್ಲ. ಬೆಂದ ಮೇಲೆ ಕೊನೆಯ ಎರಡು ಮೂರು ನಿಮಿಷ ಮಾತ್ರ ಕೆಂಡದ ಮೇಲಕ್ಕೆ ತನ್ನಿ, ಆಗ ಕೊಬ್ಬಿನ ಅಂಚು ಚಿಟಪಟ ಅಂದು ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗುತ್ತದೆ. ಅಕಸ್ಮಾತ್ ಉರಿ ಎದ್ದರೆ ನೀರು ಎರಚಬೇಡಿ, ಬೂದಿ ಹಾರಿ ಮಾಂಸದ ಮೇಲೆ ಕೂರುತ್ತದೆ. ಮಾಂಸ ಪಕ್ಕಕ್ಕೆ ಸರಿಸಿ ಮುಚ್ಚಳ ಮುಚ್ಚಿ, ಗಾಳಿ ಸಿಗದೆ ತಾನೇ ಇಳಿಯುತ್ತದೆ.

ಬಿಸಿ ನೋಡುವುದಕ್ಕೆ ಅಂಗೈ ಸಾಕು. ಜಾಲರಿಯಿಂದ ಒಂದು ಅರ್ಧ ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ಎಳೆದುಕೊಳ್ಳಬೇಕು ಅನ್ನಿಸಿದರೆ ಬಿಸಿ ಜೋರಿದೆ, ಐದಾರು ಎಣಿಸುವ ತನಕ ತಡೆದರೆ ಹದ ಸರಿಯಿದೆ. ಹಂದಿ ಮಾಂಸ ಬೆಂದಿದೆಯಾ ಅಂತ ಮಾತ್ರ ಕಣ್ಣಲ್ಲಿ ನೋಡಿ ಹೇಳಬೇಡಿ. ಲಾಡಿಹುಳದ ಭಯ ಸುಮ್ನೆ ಹೇಳುವ ಮಾತಲ್ಲ. ಒಂದು ಚುಚ್ಚುವ ಥರ್ಮಾಮೀಟರ್ ತೆಗೆದುಕೊಳ್ಳಿ, ದಪ್ಪ ತುಂಡಿನ ನಡುಮಧ್ಯಕ್ಕೆ ಚುಚ್ಚಿ. ನಾನು ಹಂದಿಯನ್ನು 71 ಡಿಗ್ರಿ ಸೆಲ್ಸಿಯಸ್ ದಾಟದೆ ಇಳಿಸುವುದಿಲ್ಲ, ಕೋಳಿಗೆ 74. ತುಂಡು ಒಂದು ಇಂಚಿಗಿಂತ ದಪ್ಪ ಬೇಡ.

ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹಣ್ಣಿನ ಹುಳಿ, ಅದರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಂದಿಕರಿಗೆ (ಹಂದಿ ಸಾರಿಗೆ) ಹಾಕಿ ಅಭ್ಯಾಸ ಆದವರು ಇದಕ್ಕೂ ಧಾರಾಳವಾಗಿ ಸುರಿದು ರಾತ್ರಿಯೆಲ್ಲ ನೆನೆಸಿಡುತ್ತಾರೆ. ಅಷ್ಟು ಹುಳಿಯಲ್ಲಿ ಅಷ್ಟು ಹೊತ್ತು ಇದ್ದರೆ ಮಾಂಸದ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ. ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ತರಿತರಿಯಾಗಿ ಕುಟ್ಟಿದ ಕರಿಮೆಣಸು ಹಚ್ಚಿ ಎರಡು ಗಂಟೆ ಇಡಿ. ಕಾಚಂಪುಳಿಯನ್ನು ಕೊನೆಗೆ, ಕೆಂಡದ ಮೇಲೆ ತರುವ ಮೊದಲು, ಕಿಲೋಗೆ ಎರಡು ಟೀ ಚಮಚದಷ್ಟು ಸವರಿ. ಆ ಕಪ್ಪು ಹುಳಿ ಕೆಂಡದ ಬಿಸಿಗೆ ಮಾಂಸಕ್ಕೆ ಅಂಟಿಕೊಂಡು ಮಿರಮಿರ ಅನ್ನುತ್ತದೆ. ನಾನು ಬೇರೆ ಯಾವ ಸಾಸೂ ಮುಟ್ಟುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಹೊರಗೆ ಹಚ್ಚಲು ಆಗುವುದಿಲ್ಲ. ಕಿಟಕಿ ತೆರೆದಿಟ್ಟು ರೂಮಿನಲ್ಲೇ ಸುಡಬಹುದಾ? ಹೇಗೂ ಚಳಿಗೂ ಆಯಿತು. ಇದ್ದಿಲು ಹೊಗೆ ಬರುವುದಿಲ್ಲವಲ್ಲ.
– ಓದುಗರು, ಮಡಿಕೇರಿ

ಉತ್ತರ: ಬೇಡ. ಖಂಡಿತ ಬೇಡ.

ಹೊಗೆ ಇಲ್ಲ ಅನ್ನುವುದೇ ಮೋಸ. ಚೆನ್ನಾಗಿ ಹತ್ತಿದ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ ಬಂದ ಹಾಗೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಒಂದು ಕಿಟಕಿ ತೆರೆದರೆ ಸಾಲದು.

ನಾನಿದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಯ ಆಷಾಢದ ಹೊತ್ತಿಗೆ, ನಾಲ್ಕು ದಿನದಿಂದ ಕರೆಂಟಿಲ್ಲ, ಗೋಡೆಯೆಲ್ಲ ಥಂಡಿ, ಅಡುಗೆ ಮುಗಿದ ಮೇಲೆ ಉಳಿದ ಕೆಂಡ ಯಾಕೆ ದಂಡ ಮಾಡುವುದು ಅಂತ ನಾನೇ ಅದನ್ನು ಅತ್ತೆಯ ಕೋಣೆಯಲ್ಲಿ ಇಟ್ಟೆ. ಒಂದು ಗಂಟೆಯಲ್ಲಿ ಅತ್ತೆ "ತಲೆ ಸಿಡಿಯುತ್ತಿದೆ ಮಗಾ" ಅಂದರು, ಎದ್ದು ನಿಲ್ಲಲು ಹೋಗಿ ಮಂಚಕ್ಕೆ ಹಿಡಿದುಕೊಂಡರು. ಜಗಲಿಗೆ ಕರೆದುಕೊಂಡು ಬಂದು ಕೂರಿಸಿದೆ, ಸುಧಾರಿಸಿಕೊಂಡರು. ಅವರು ಮಾತಾಡದೆ ಹಾಗೇ ಮಲಗಿಬಿಟ್ಟಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ರೂಮು, ಬಾಗಿಲು ಹಾಕಿದ ಕಾರ್ ಶೆಡ್, ಟೆಂಟ್ ಯಾವುದೂ ಬೇಡ. ಪಿಕ್ನಿಕ್ ಮುಗಿಸಿ ಬರುವಾಗ ಬಿಸಿ ಬಾರ್ಬೆಕ್ಯೂವನ್ನು ಕಾರಿನೊಳಗೆ ಇಡುವುದೂ ಬೇಡ, ಕೆಂಡ ಆರಿದ ಹಾಗೆ ಕಂಡರೂ ಒಳಗೆ ಜೀವ ಇರುತ್ತದೆ. ಯಾರಿಗಾದರೂ ಹೀಗಾದರೆ ಮೊದಲು ಹೊರಗಿನ ಗಾಳಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಗ್ಯಾಸಿನ ಮೇಲೆ ಕಬ್ಬಿಣದ ಕಾವಲಿ ಇಟ್ಟು ಹುರಿಯಿರಿ, ರುಚಿ ಸ್ವಲ್ಪ ಕಡಿಮೆಯಾದರೆ ಆಗಲಿ.

ಪ್ರಶ್ನೆ: ಅಂಗಡಿ ಇದ್ದಿಲು ಹತ್ತುವುದೇ ಇಲ್ಲ, ಚಟಚಟ ಸಿಡಿಯುತ್ತದೆ. ಕಾಫಿ ಗಿಡದ ಕಟ್ಟಿಗೆ ಬಳಸಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ಇದ್ದಿಲು ಥಂಡಿ ಹಿಡಿದಿದೆ. ನಮ್ಮ ಊರಿನ ಗಾಳಿಗೆ ಉಪ್ಪೇ ನೀರಾಗುತ್ತದೆ, ಇದ್ದಿಲು ಬಿಡುತ್ತದಾ? ಎರಡು ದಿನ ಒಳ್ಳೆ ಬಿಸಿಲಿಗೆ ಹರಡಿ, ಆಮೇಲೆ ಬಿಗಿ ಮುಚ್ಚಳದ ಟಿನ್ನಿನಲ್ಲಿ ತುಂಬಿಡಿ. ಗೋಣಿಚೀಲದಲ್ಲಿ ಇಡಬೇಡಿ. ಕಟ್ಟಿಗೆಯಿಂದ ಸುಟ್ಟ ಇದ್ದಿಲು ಬೇಗ ಹತ್ತಿ ಬೇಗ ಮುಗಿಯುತ್ತದೆ, ಅಚ್ಚು ಹಾಕಿದ ಉಂಡೆ ತಡವಾಗಿ ಹತ್ತಿದರೂ ಹೆಚ್ಚು ಹೊತ್ತು ಒಂದೇ ಸಮ ಉರಿಯುತ್ತದೆ. ನಾಲ್ಕು ಜನಕ್ಕೆ ಅಂದರೆ ಮೊದಲನೆಯದೇ ಸಾಕು.

ಕಪಾತು ಮಾಡಿದ (ಕೊಂಬೆ ಸವರಿದ) ಕಾಫಿ ಕಟ್ಟಿಗೆ ಚೆನ್ನಾಗಿ ಒಣಗಿದ್ದರೆ ಬಹಳ ಒಳ್ಳೆಯದು, ಗಟ್ಟಿ ಮರ, ಒಳ್ಳೆ ಕೆಂಡ ಕೊಡುತ್ತದೆ. ಸಿಪ್ಪೆ ಕೆತ್ತಿ ತೆಗೆದ ದಪ್ಪ ಕಾಂಡ ಮಾತ್ರ ತೆಗೆದುಕೊಳ್ಳಿ, ರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಹಸಿ ರೆಂಬೆ ಬೇಡ. ಬೇರೆ ಕಡೆ ಸುಟ್ಟು ಕೆಂಡ ಮಾಡಿಕೊಂಡು ಸಲಿಕೆಯಲ್ಲಿ ತಂದು ಹಾಕಿ. ಇನ್ನೊಂದು ಮಾತು, ಕಾಫಿ ಒಣಹಾಕಿರುವಾಗ ಕಣದ ಹತ್ತಿರ ಬಾರ್ಬೆಕ್ಯೂ ಹಚ್ಚಬೇಡಿ. ಕಾಫಿ ಬೇಗ ವಾಸನೆ ಹಿಡಿಯುತ್ತದೆ, ವರ್ಷದ ಬೆಳೆ ಅದು.

ಪ್ರಶ್ನೆ: ಮಾರ್ಚ್‌ನಲ್ಲಿ ಫ್ರೆಂಡ್ಸ್ ಜೊತೆ ಕಾಡಿನ ಕಡೆ ತೆಗೆದುಕೊಂಡು ಹೋಗಬಹುದಾ?
– ಓದುಗರು, ಗೋಣಿಕೊಪ್ಪ

ಉತ್ತರ: ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ ತಮ್ಮಾ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ನಮ್ಮ ತೋಟದಲ್ಲೇ ತರಗೆಲೆ ಹಪ್ಪಳದ ಹಾಗೆ ಇರುತ್ತದೆ, ಕಾಡಿನ ಮಾತು ಬಿಡಿ. ಮನೆಯ ಸಿಮೆಂಟ್ ಅಂಗಳದಲ್ಲೇ ಮಾಡಿ, ಪಕ್ಕದಲ್ಲಿ ಎರಡು ಬಕೆಟ್ ನೀರಿರಲಿ. ಬೂದಿಯನ್ನು ಮಾರನೇ ದಿನವೂ ಬರಿಗೈಯಲ್ಲಿ ಮುಟ್ಟಬೇಡಿ, ನೀರು ಹೊಯ್ದು ಕಲಸಿ ಆಮೇಲೆ ಚೆಲ್ಲಿ.

ಪ್ರಶ್ನೆ: ನಮ್ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಇದರಲ್ಲಿ ನಮಗೇನಿದೆ?
– ಓದುಗರು, ಕುಶಾಲನಗರ

ಉತ್ತರ: ಬೇಕಾದಷ್ಟಿದೆ. ಅಣಬೆ, ಮುಸುಕಿನ ಜೋಳ, ಉದ್ದಕ್ಕೆ ಸೀಳಿದ ಬದನೆ. ಸಿಹಿಗೆಣಸನ್ನು ಬಾಳೆಎಲೆಯಲ್ಲಿ ಎರಡು ಸುತ್ತು ಸುತ್ತಿ ಕೆಂಡದ ಪಕ್ಕ ಬೂದಿಯಲ್ಲಿ ಹೂತು ಮುಕ್ಕಾಲು ಗಂಟೆ ಮರೆತುಬಿಡಿ. ಎಲ್ಲಕ್ಕಿಂತ ನನಗೆ ಇಷ್ಟ ಅಕ್ಕಿ ಒಟ್ಟಿ. ಅನ್ನ ಮತ್ತು ಅಕ್ಕಿಹಿಟ್ಟು ನಾದಿ ತಟ್ಟಿ, ಕಾವಲಿಯಲ್ಲಿ ಎರಡೂ ಬದಿ ಅರೆಬೇಯಿಸಿ, ಇಳಿಬಿಸಿಯ ಕೆಂಡದ ಮೇಲಿನ ಜಾಲರಿಗೆ ಹಾಕಿ. ಮೊದಲು ಅಂಚಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಆಮೇಲೆ ಇಡೀ ಒಟ್ಟಿ ಉಬ್ಬುತ್ತದೆ. ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ ತಕ್ಷಣ ತೆಗೆದು ತುಪ್ಪ ಸವರಿ, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಜೊತೆ ಅಲ್ಲೇ ನಿಂತುಕೊಂಡು ತಿನ್ನಿ.